ಪೇಶಿ ಎಂದರೆ

ಮೊನ್ನೆ ಮಗಳು ಶಾಲೆಯ ಪ್ರಯೋಗಕ್ಕೆಂದು ಒಂದು ಈರುಳ್ಳಿಯನ್ನು ನೀರು ತುಂಬಿದ ಗ್ಲಾಸಿನ ಬಾಯಿಗೆ ಕೂರಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದಳು. ಬೇರು ಬಿಡುವಷ್ಟರಲ್ಲಿ ಆ ನೀರಿಗೊಂದು ವಾಸನೆ ಹತ್ತಿತು. ಅರ್ಧ ಮಣ್ಣಿನದು, ಅರ್ಧ ಕೊಳೆತದ್ದು, ಹೊಗಳುವಂಥದ್ದೇನಲ್ಲ. ಪುಣೆಯ ಅಂಚಿನ ಹಿಂಜವಾಡಿಯ ಈ ಹನ್ನೊಂದನೇ ಮಹಡಿಯಲ್ಲಿ ನಿಂತು ನಾನು ಅದನ್ನು ಎದೆ ತುಂಬ ಎಳೆದುಕೊಂಡೆ. "ಛೀ ಅಮ್ಮ" ಎಂದಳು ಮಗಳು. ಅವಳಿಗೇನು ಗೊತ್ತು? ಕಳೆದುಹೋದ ಮನೆಯೊಂದು ನಿಮಗೂ ಇದ್ದರೆ ಗೊತ್ತಿರುತ್ತದೆ, ಅದು ಮರಳಿ ಬರುವುದು ಇಂಥ ಬೇಡದ ವಾಸನೆಗಳಲ್ಲೇ. ಶನಿವಾರ ಪೇಠೆಯ ನಮ್ಮ ವಾಡೆ, ಮೇಲಂತಸ್ತಿನ ಮರದ ಗ್ಯಾಲರಿ, ಅಲ್ಲಿ ಗ್ಲಾಸುಗಳನ್ನು ಸಾಲಾಗಿಟ್ಟುಕೊಂಡು ಕೂತ ನನ್ನ ಅತ್ಯಾ, ಎಲ್ಲ ಒಟ್ಟಿಗೇ ಬಂದವು.

ಅತ್ಯಾ ಅಂದರೆ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ, ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆನಿಂತ ಮನೆ ನಮ್ಮದು. ಅಜ್ಜಿಯ ಮಡಿ ಮಾತ್ರ ಧಾರವಾಡದಲ್ಲೇ ಇತ್ತು, ಒಂದು ಅಂಗುಲವೂ ಕದಲಿರಲಿಲ್ಲ. ಈರುಳ್ಳಿ ಮನೆಯೊಳಗೆ ಬರುವಂತಿಲ್ಲ. ಅತ್ಯಾಳಿಗೋ ಪಾಠ ಹೇಳಲು ಈರುಳ್ಳಿಯ ಬೇರೇ ಬೇಕು. ಕಡೆಗೆ ತಾಯಿ ಮಗಳು ರಾಜಿಯಾದರು: ಗ್ಯಾಲರಿಯಲ್ಲಿರಲಿ, ಹೊಸ್ತಿಲು ದಾಟಬಾರದು. ಊರ ಕಡೆಯ ನೆಂಟರು ಬಂದು ಹುಬ್ಬೇರಿಸಿದರೆ ಅಜ್ಜಿ ಗಂಭೀರವಾಗಿ, "ತಿನ್ನೂದಿಲ್ರಿ, ಸಾಕತೀವಿ ಅಷ್ಟ" ಎನ್ನುತ್ತಿದ್ದಳು.

ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಅತ್ಯಾ ಬೇರಿನ ತುದಿ ಕತ್ತರಿಸುತ್ತಿದ್ದಳು. ಅದನ್ನು ಕೆಂಪು ಬಣ್ಣದಲ್ಲಿ ನೆನೆಸಿ, ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿ, ಎರಡು ಗಾಜುಗಳ ನಡುವೆ ಇಟ್ಟು ಹೆಬ್ಬೆರಳಿನಿಂದ ಒತ್ತಿ, ಕಾಲೇಜಿನಿಂದ ತಂದ ಹಳೆಯ ಮೈಕ್ರೋಸ್ಕೋಪಿನಡಿ ಇಟ್ಟು ನನ್ನನ್ನು ಕರೆಯುತ್ತಿದ್ದಳು. ಒತ್ತೊತ್ತಾಗಿ ಪುಟ್ಟ ಪುಟ್ಟ ಕೋಣೆಗಳು. ಕೆಲವುಗಳಲ್ಲಿ ಕೆಂಪು ಎಳೆಗಳು ನಡುವೆ ಸಾಲುಗಟ್ಟಿದ್ದವು. ಕೆಲವುಗಳಲ್ಲಿ ಎರಡು ಪಾಲಾಗಿ ಆಚೆ ಈಚೆ ಸರಿದಿದ್ದವು. ಒಂದು ಎರಡಾಗುವುದನ್ನು ನಾನು ಹಾಗೆ ಕಣ್ಣಾರೆ ಕಂಡೆ. "ಮನಸ್ಸಿಗೆ ಬಂದಂಗ ಒಡಿಯೂದಿಲ್ಲ ಅವು" ಎನ್ನುತ್ತಿದ್ದಳು ಅತ್ಯಾ. "ನಡುನಡುವ ನಿಂತು ನೋಡಿಕೋತಾವ. ಬೆಳದದ್ದು ಸಾಕಾತೇನು? ಒಳಗಿನ ಬರಹದ ನಕಲು ತಪ್ಪಿಲ್ಲದ ಇಳದದೇನು? ಎಳೆ ಎಲ್ಲಾ ಸರಿ ಹಿಡದಾವೇನು? ತಪ್ಪಿದ್ರ ತಿದ್ದಿಕೋತಾವ. ತಿದ್ದಲಿಕ್ಕೆ ಆಗದಿದ್ರ ಸುಮ್ಮನ ತಾವ ಸಾಯತಾವ, ಉಳಿದವು ಬದುಕಬೇಕಲ್ಲ." ನಿಲ್ಲದೆ ಒಡೆಯುತ್ತಲೇ ಹೋದರೆ ಎಂದು ಕೇಳಿದ್ದೆ. "ಅದಕ್ಕ ರೋಗ ಅಂತಾರ" ಎಂದು ಇನ್ನೊಂದು ಗಾಜು ಒರೆಸತೊಡಗಿದಳು. ಅವಳ ಬಾಯಲ್ಲಿ ಅದು ಜೀವಕೋಶ. ನನ್ನ ಮರಾಠಿ ಶಾಲೆಯಲ್ಲಿ ಅದೇ ಪೇಶಿ. ನನಗೆ ಎರಡೂ ಒಂದೇ ಆಗಿದ್ದವು.

ಒಂದು ಮಳೆಗಾಲ ಅತ್ಯಾ ಬಡವಾಗತೊಡಗಿದಳು. ಸಂಜೆಗೆ ಜ್ವರ, ಮೈಮೇಲೆ ಅಲ್ಲಲ್ಲಿ ನೀಲಿ ಕಲೆ. ಮಗಳು ಕಡ್ಡಿಯಾದಳೆಂದು ಅಜ್ಜಿ ಅನ್ನಕ್ಕೆ ತುಪ್ಪ ಸುರಿದಿದ್ದೇ ಸುರಿದಿದ್ದು. ರಕ್ತ ಪರೀಕ್ಷೆಯ ರಿಪೋರ್ಟು ಬಂದ ದಿನ ಡಾಕ್ಟರರ ಬಳಿಗೆ ನಾವು ಮೂವರೂ ಹೋಗಿದ್ದೆವು. ಅವರು ಅಜ್ಜಿಯ ಮುಖ ನೋಡಿ, ಮರಾಠಿಯಲ್ಲಿ ಮೆಲ್ಲಗೆ, "ಪೇಶೀ ಫಾರ ವಾಢಲ್ಯಾ ಆಹೇತ, ಆಜೀ" ಎಂದರು. ಪೇಶಿಗಳು ಬಹಳ ಬೆಳೆದಿವೆ ಎಂದು. ಉಳಿದದ್ದನ್ನೆಲ್ಲ ಅತ್ಯಾಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅಜ್ಜಿ ಆಯುರ್ವೇದ ವೈದ್ಯರ ಮಗಳು. ಅವಳ ತವರಿನಲ್ಲಿ ಪೇಶಿ ಎಂದರೆ ಮಾಂಸಪೇಶಿ, ಮೈಯ ಖಂಡ. ಮಗಳ ಮೈ ತುಂಬುತ್ತಿದೆ ಎಂದು ತಿಳಿದು ಅವಳು ಡಾಕ್ಟರರಿಗೆ ಕೈ ಮುಗಿದಳು.

"ನಾ ಹೇಳಿದ್ದಿಲ್ಲ? ತುಪ್ಪ ಮೈಗೆ ಹತ್ತಲಿಕತ್ತದ" ಎಂದಳು ರಿಕ್ಷಾದಲ್ಲಿ. ನಾನು ಬಾಯಿ ತೆರೆದೆ. ಅತ್ಯಾ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ, "ಹೌದವ್ವಾ, ಹತ್ತಲಿಕತ್ತದ" ಎಂದಳು. ಅವತ್ತು ಮಧ್ಯಾಹ್ನ ಅಜ್ಜಿ ಹೋಳಿಗೆ ಮಾಡಿದಳು. ಗಂಜಿಯೂ ಒಳಗಿಳಿಯದಿದ್ದ ಅತ್ಯಾ ಎಲೆಯ ಮುಂದೆ ಕೂತು ಒಂದನ್ನು ಪೂರ್ತಿ ತಿಂದಳು. "ಇನ್ನೊಂದು ನೀಡವ್ವಾ" ಎಂದಳು. ಅಜ್ಜಿಯ ಮುಖ ಅಷ್ಟು ಬೆಳಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಅಪ್ಪನಿಗೆ ಅತ್ಯಾ ಎಲ್ಲ ಹೇಳಿದಳು, ರಕ್ತದ ಕ್ಯಾನ್ಸರ್ ಎಂದು. ಅಜ್ಜಿಯ ಪಾಲಿಗೆ ಅದು ಕೊನೆಯವರೆಗೂ ಬಿಡದ ಜ್ವರವಾಗಿಯೇ ಉಳಿಯಿತು. ಮಾವಿನ ಕಾಲ ಬರುವ ಮೊದಲೇ ಅತ್ಯಾ ಹೋದಳು. ಈರುಳ್ಳಿಯನ್ನು ಎಂದೂ ಮುಟ್ಟದ ಅಜ್ಜಿಯೇ ಆಮೇಲೆ ಆ ಗ್ಲಾಸುಗಳ ನೀರು ಬದಲಿಸಿದಳು, ಅವು ಕೊಳೆತುಹೋಗುವವರೆಗೆ.

ಮುಂದೆ ಕೆಲವು ವರ್ಷಕ್ಕೆ ಶಾಲೆಯಲ್ಲಿ ಆ ಪಾಠ ಬಂತು. ನಾನು ಜೋರಾಗಿ "ಪೇಶೀ ವಿಭಾಜನ" ಎಂದು ಉರು ಹೊಡೆಯುತ್ತಿದ್ದೆ. ಅಕ್ಕಿ ಆರಿಸುತ್ತ ಕೂತಿದ್ದ ಅಜ್ಜಿ, "ಪೇಶಿ ಹೆಂಗ ವಿಭಾಗ ಆಗತದ, ಪುಟ್ಟಿ?" ಎಂದು ಕೇಳಿದಳು. ನಾನು ಹುರುಪಿನಿಂದ ಹೇಳತೊಡಗಿದೆ. ಮಾತು ಎಲ್ಲಿಗೆ ಹೊರಟಿದೆ ಎಂದು ತಿಳಿದಾಗ ತಡವಾಗಿತ್ತು. ಅಜ್ಜಿಯ ಬೆರಳುಗಳು ಅಕ್ಕಿಯಲ್ಲಿ ನಿಂತಿದ್ದವು.

"ಅವತ್ತ ಡಾಕ್ಟರ್ ಅಂದದ್ದು ಇದ ಪೇಶಿ?"

"ಹೂಂ."

"ಆಕಿಗೆ ಗೊತ್ತಿತ್ತು?"

"ಗೊತ್ತಿತ್ತಜ್ಜಿ."

ಅಜ್ಜಿ ಅಕ್ಕಿಯ ಮೊರವನ್ನು ತೊಡೆಯಿಂದ ಕೆಳಗಿಟ್ಟಳು. "ಗೊತ್ತಿದ್ದೂ ಇನ್ನೊಂದು ನೀಡು ಅಂದಳಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಆಕಿ ಹೆಂಗ ಹೇಳತಿದ್ದಳೋ ಹಂಗ ಹೇಳು. ಆಕಿ ಮಾತಿನಾಗ" ಎಂದಳು.

ನಾನು ಪುಸ್ತಕ ಮುಚ್ಚಿ ಮೊದಲಿನಿಂದ ಹೇಳಿದೆ, ಅತ್ಯಾ ತಡೆಯುತ್ತಿದ್ದ ಕಡೆ ತಡೆದು, ಅವಳು ನಗುತ್ತಿದ್ದ ಕಡೆ ನಕ್ಕು. ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. ಮುಗಿದಾಗ, "ಇನ್ನೊಮ್ಮೆ" ಎಂದಳು. ವಾಡೆ ಕೆಡವಿದರು, ಅಜ್ಜಿಯೂ ಹೋಗಿ ಎಷ್ಟೋ ಕಾಲವಾಯಿತು. ಅತ್ಯಾಳ ಆ ಮಾತುಗಳೆಲ್ಲ ನನಗಿನ್ನೂ ಬಾಯಿಪಾಠ ಇವೆ. ಇನ್ನೊಮ್ಮೆ ಎನ್ನುವವರು ಯಾರೂ ಇಲ್ಲ.