ಭಾವನ ಗ್ಯಾಸ್ಟ್ರಿಕ್ಕು

ಅಕ್ಕನ ಗಂಡ ಹೊಟ್ಟೆ ಹಿಡಿದುಕೊಂಡು ಕೂತಾಗಲೆಲ್ಲ ಒಂದೇ ಮಾತು: "ಗ್ಯಾಸ್ಟ್ರಿಕ್ಕು ಕಣ್ಲಾ." ಬೂದಿಕೋಟೆ ಪಕ್ಕದ ಹಳ್ಳಿಯಲ್ಲಿ ಎರಡು ಸೀಮೆಹಸು ಸಾಕಿಕೊಂಡಿದ್ದರು. ಐವತ್ತು ದಾಟಿರಲಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗಲೇ ಒಂದು ಪ್ಯಾಕೆಟ್ ಬ್ರಾಂದಿ ಮುಗಿಸಿರುತ್ತಿದ್ದರು. ಹೊಟ್ಟೆ ಉರಿದರೆ ಮೆಡಿಕಲ್ ಸ್ಟೋರಿನ ಮಾತ್ರೆ, ಜಾಸ್ತಿಯಾದರೆ ಬಂಗಾರಪೇಟೆಯ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್. ಕುಡಿತದ ವಿಷಯ ಯಾವ ಡಾಕ್ಟರಿಗೂ ಹೇಳಿದವರಲ್ಲ. ಕಣ್ಣು ಹಳದಿಯಾದಾಗ ಕಾಮಾಲೆಗೆ ನಾಟಿ ಔಷಧಿ ಕುಡಿದು, ಸಂಜೆ ಮತ್ತೆ ವೈನ್ ಶಾಪಿಗೆ ಹೋದರು.

ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ರಕ್ತ ಕಾರಿಕೊಂಡರು. ಅಕ್ಕ ಫೋನ್ ಮಾಡಿದಳು. ಆಂಡರ್ಸನ್‌ಪೇಟೆಯ ನನ್ನ ಅಂಗಡಿ ಮುಚ್ಚಿ, ಆಟೊ ಮಾಡಿಕೊಂಡು ಹೋದೆ. ಮುಖ ತೊಳೆಸಿ ಜಗಲಿ ಮೇಲೆ ಕೂರಿಸಿದ್ದರು.

"ಆಸ್ಪತ್ರೆ ಬ್ಯಾಡ. ಒಸಿ ಮಜ್ಜಿಗೆ ಕೊಡು, ಸರಿ ಓಯ್ತದೆ," ಅಂದರು ಭಾವ.

ಹಿಡಿದು ಆಟೊ ಹತ್ತಿಸಿದೆವು. ಬಂಗಾರಪೇಟೆಯಲ್ಲಿ ಡ್ರಿಪ್ ಹಾಕಿ ಕೋಲಾರಕ್ಕೆ ಕಳಿಸಿದರು. ಅಲ್ಲಿ ಡಾಕ್ಟರು ಮೊದಲು ಕೇಳಿದ್ದು, ಕುಡಿಯುತ್ತೀರಾ ಎಂದು.

"ಅಬ್ಬಕ್ಕೆ ಅರಿದಿನಕ್ಕೆ ಸಾರ್."

ಅಕ್ಕ ಸೆರಗಿಗಂಟಿದ ರಕ್ತ ಉಜ್ಜುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಸುಳ್ಳು ಸಾರ್. ಆಲಾಕಿ ಬರೋವಾಗ ಶುರು, ಮಲಗೋಗಂಟ ಅದೇ."

ಕುಡಿತ ನಿಂತದ್ದಕ್ಕೆ ವಾರ್ಡಿನಲ್ಲಿ ಕೈ ನಡುಗತೊಡಗಿತು, ಆಮೇಲೆ ಬುದ್ಧಿ ಕದಡಿತು. ಹಾಸಿಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಗಾಳಿಯಲ್ಲಿ ಹಾಲು ಕರೆಯತೊಡಗಿದರು. "ಲೇ, ಕರ ಬಿಡ್ಬ್ಯಾಡ್ಲಾ" ಎಂದು ಗದರಿದರು. ನಾನು ಯಾರೆಂದು ಅವರಿಗೆ ಗೊತ್ತಾಗಲಿಲ್ಲ. ಕೈಕಾಲು ಮಂಚಕ್ಕೆ ಕಟ್ಟಲು ನರ್ಸ್ ಬಟ್ಟೆ ತಂದಳು. ಪಕ್ಕದ ಮಂಚದವನ ಹೆಂಡತಿ, ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆಯ ತಮಿಳಿನವಳು, ಎದ್ದು ಬಂದಳು.

"ಅಪ್ಪಡಿ ಬೇಡಮ್ಮಾ. ಬಟ್ಟೆ ಒಳಗಡೆ ಅತ್ತಿ ಇಡು, ಇಲ್ಲಾಂದ್ರೆ ಚರ್ಮ ಕಿತ್ಕೊಂಡ್ಬರ್ತದೆ."

ಹತ್ತಿಯಿಲ್ಲದೆ ಕಟ್ಟಿ ಅವಳ ಗಂಡನಿಗೆ ಹಾಗೆ ಆಗಿತ್ತಂತೆ. ಆ ವಾರ್ಡಿನಲ್ಲಿ ಹೆಚ್ಚಿನವರು ಭಾವನ ವಯಸ್ಸಿನವರೇ. ಕಾಲ ಬುಡದಲ್ಲಿ ಹೆಂಡತಿಯರು.

ಅನ್ನನಾಳದಲ್ಲಿ ಒಡೆದ ರಕ್ತನಾಳಗಳನ್ನು ಗಂಟಲಿನ ಮೂಲಕ ಟ್ಯೂಬ್ ಇಳಿಸಿ ಕಟ್ಟಿದರು. ಲಿವರ್ ಗಟ್ಟಿಯಾಗಿದೆ, ಇನ್ನು ಒಂದು ತೊಟ್ಟೂ ಕೂಡದು ಎಂದರು. ಸ್ವಲ್ಪ ಕಾಲ ಭಾವ ಮುಟ್ಟಲಿಲ್ಲ. ಮುದ್ದೆ, ಬಸ್ಸಾರು ಕೇಳಿ ಕೇಳಿ ಉಂಡರು. ಅಕ್ಕ ನಗುವುದನ್ನು ಆಗ ನೋಡಿದೆ. ತಪಾಸಣೆಗೆ ಕರೆದರೆ ಮಾತ್ರ, "ನಾನೀಗ ಚೆನ್ನಾಗಿವ್ನಲ್ಲಾ, ಅಲ್ಲಿಗ್ಯಾಕೆ ಓಗ್ಬೇಕು?" ಅನ್ನುತ್ತಿದ್ದರು. ನೆಂಟರ ಮನೆಯ ತಿಥಿಯೊಂದರಲ್ಲಿ ಮತ್ತೆ ಶುರುವಾಯಿತು.

ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಸೂಜಿ ಚುಚ್ಚಿ ತೆಗೆಸಿಕೊಂಡು ಬರುವುದು, ಮತ್ತೆ ತುಂಬುವುದು. ಉಸಿರು ಕಟ್ಟಿದಾಗ ತಾವೇ "ಆಟೊ ಕರಿಯೇ" ಎಂದು ಅಕ್ಕನನ್ನು ಕೂಗುತ್ತಿದ್ದರು. ಕೊನೆಯ ಸಲ ಆಸ್ಪತ್ರೆಗೆ ಹೋದವರು ಹೆಣವಾಗಿ ಬಂದರು.

ಏನಾಗಿತ್ತು ಎಂದು ಬಂದವರು ಕೇಳಿದರು. "ಕಾಮಾಲೆ" ಎಂದರು ಮನೆಯ ಹಿರಿಯರು.

"ಕಾಮಾಲೆ ಅಲ್ಲ. ಕುಡ್ದು ಓದ್ರು," ಅಂದಳು ಬಾಗಿಲ ಬಳಿ ಕೂತಿದ್ದ ಅಕ್ಕ.

ಜಗಲಿ ಮೇಲೆ ಕೂತಿದ್ದ, ಭಾವನ ಜೊತೆ ಕುಡಿಯುತ್ತಿದ್ದವನೊಬ್ಬ ಆ ಮಾತು ಕೇಳಿಸಿಕೊಂಡಿದ್ದ. ಕೆಲವು ದಿನ ಕಳೆದ ಮೇಲೆ ನನ್ನ ಅಂಗಡಿ ಹುಡುಕಿಕೊಂಡು ಬಂದ. ಪಾದಗಳು ಊದಿಕೊಂಡಿದ್ದವು.

"ಆ ಡಾಕ್ಟ್ರತ್ರ ನನ್ನೂ ಕರ್ಕೊಂಡೋಗ್ತೀರಾ ಅಣ್ಣಾ? ಒಬ್ನೇ ಓಗೋಕೆ ಬಯ ಆಯ್ತದೆ."

ಷಟರ್ ಎಳೆದು, ಅವನ ನಿಧಾನಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾ ಬಸ್ ಸ್ಟಾಂಡಿನ ಕಡೆ ಹೊರಟೆ.