ನಾಲ್ಕು ಹೊಡೆದರೆ ವಿಮಾನ

ಆಗ ನನಗೆ ಹತ್ತೊಂಬತ್ತು ವರ್ಷ. ಅದಾಗಿ ಅರವತ್ತೊಂದು ವರ್ಷವಾಯಿತು. ಇದಕ್ಕಿಂತ ಹೆಚ್ಚಿನ ಲೆಕ್ಕ ನನ್ನನ್ನು ಕೇಳಬೇಡಿ. ನಾನು ಓದಿದ್ದು ಎರಡನೇ ಕ್ಲಾಸು, ಅದರಲ್ಲೂ ಅರ್ಧ ದಿನ ಎಮ್ಮೆಯ ಹಿಂದೆ.

ಊರಿಗಾಂ ಚಿನ್ನದ ಗಣಿಯ ಕೆಲಸದವರ ಸಾಲು ಮನೆಗಳು, ನಾವು ಲೈನು ಅನ್ನುತ್ತಿದ್ದದ್ದು, ಮುಗಿದ ಮೇಲೆ ವಿಮಾನದ ಬಯಲು, ಬಯಲು ಮುಗಿದ ಮೇಲೆ ನಮ್ಮ ಹಳ್ಳಿ. ವಿಮಾನದ ಬಯಲು ಎಂದರೆ ಏನೇನೋ ಅಂದುಕೊಳ್ಳಬೇಡಿ. ಮಣ್ಣು ಸಮ ಮಾಡಿದ ಒಂದು ಉದ್ದನೆಯ ಪಟ್ಟಿ, ಅದರ ಎರಡೂ ಕಡೆ ಹುಲ್ಲು, ಗಾಳಿ ನೋಡಲು ಗಳುವಿಗೆ ಕಟ್ಟಿದ ಬಟ್ಟೆಯ ಚೀಲ, ಒಂದು ತಗಡಿನ ಶೆಡ್ಡು. ತಿಂಗಳಿಗೆ ಒಂದೋ ಎರಡೋ ಸಲ ಗಣಿ ನೋಡುವ ದೊಡ್ಡವರನ್ನು ಹೊತ್ತುಕೊಂಡು ಬೆಂಗಳೂರಿನಿಂದ ಒಂದು ಪುಟ್ಟ ವಿಮಾನ ಬರುತ್ತಿತ್ತು. ಉಳಿದ ದಿನವೆಲ್ಲ ಆ ಬಯಲು ದನಗಳದು. ನನ್ನ ಹಸುವಿನದೂ ಹೌದು. ಅದನ್ನು ಕರುವಾಗಿದ್ದಾಗ ಅಮ್ಮ ನನ್ನ ಜೊತೆ ಕಳಿಸಿಕೊಟ್ಟಿದ್ದಳು. ಗಂಡನ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ವಿಮಾನ ಬರುವ ಸುದ್ದಿ ನಮಗೆ ಬರುತ್ತಿದ್ದ ಚೆಂದ ಹೇಳುತ್ತೇನೆ ಕೇಳಿ. ಬೆಂಗಳೂರಿನಿಂದ ಗಣಿಯ ಆಫೀಸಿಗೆ ಫೋನು. ಆಫೀಸಿನಿಂದ ಜವಾನ ಸೈಕಲ್ಲು ಹತ್ತಿ ಹೊರಡಬೇಕು. ಏರು ತುಳಿದುಕೊಂಡು ಅವನು ಬಯಲಿಗೆ ಬರುವಷ್ಟರಲ್ಲಿ ವಿಮಾನ ನಮ್ಮ ತಲೆಯ ಮೇಲೆ ಸುತ್ತುತ್ತಿರುತ್ತಿತ್ತು. ಅವನು ಸೈಕಲ್ಲಿನಿಂದ ಇಳಿದು, ಏದುಸಿರು ಬಿಡುತ್ತ, ಬೆರಳನ್ನು ಮೇಲಕ್ಕೆ ತೋರಿಸಿ "ವಿಮಾನ ಬತ್ತದಂತೆ" ಎನ್ನುತ್ತಿದ್ದ.

ಹಾಗಾಗಿ ಬಯಲಿನ ಮೂರು ಕಡೆಯ ನಾವೇ ನೋಡಿಕೊಳ್ಳುತ್ತಿದ್ದೆವು. ಒಂದು ಕಡೆ, ಬಂಗಾರಪೇಟೆಯಿಂದ ಬರುವ ರೈಲು ದಾರಿಯಲ್ಲಿ ದಿಬ್ಬದ ಮೇಲೊಂದು ಗೇಟು. ವಿಮಾನ ಎಲ್ಲರಿಗಿಂತ ಮೊದಲು ಕಾಣುತ್ತಿದ್ದದ್ದು ಗೇಟಿನವನ ಹೆಂಡತಿಗೆ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಅವಳು ಗಂಡನ ಹಸಿರು ಬಾವುಟ ಎತ್ತಿ ಬೀಸುತ್ತಿದ್ದಳು. ಇನ್ನೊಂದು ಕಡೆ, ತಗಡಿನ ಶೆಡ್ಡಿನಲ್ಲಿ ಕಾವಲಿನ ತಾತ. ಇಪ್ಪತ್ತೆಂಟು ವರ್ಷ ಮೈಸೂರು ಮೈನ್ಸಿನಲ್ಲಿ ಕೆಳಗಿಳಿದು ದುಡಿದು, ಎದೆ ಕೆಟ್ಟ ಮೇಲೆ ಈ ಕಾವಲಿಗೆ ಬಿದ್ದ ತಮಿಳಿನವನು. ಅವನ ಶೆಡ್ಡಿನ ಮುಂದೆ ರೈಲು ಕಂಬಿಯ ಒಂದು ತುಂಡು ನೇತಾಡುತ್ತಿತ್ತು. ಅದನ್ನು ಒಂದು ಸಲ ಟಣ್ಣೆನಿಸುತ್ತಿದ್ದ. ಮೂರನೆಯವರು ನಾವು, ಹಳ್ಳಿಯವರು. ಹೊಲದ ಹಕ್ಕಿ ಓಡಿಸುವ ತಗಡಿನ ಡಬ್ಬವೇ ನಮಗೆ ಇದಕ್ಕೂ ಆಗುತ್ತಿತ್ತು. ಲೆಕ್ಕವಿಲ್ಲದೆ ಬಡಿಯುತ್ತಿದ್ದೆವು.

ಒಂದು ದಿನ ಮೂರೂ ಒಟ್ಟಿಗೆ ಕೆಟ್ಟವು. ಅಕ್ಕ ಹಸಿರು ಬೀಸಿದಳು. ವಿಮಾನ ಬರುತ್ತಿದೆ, ದಾರಿ ಬಿಡಿ ಎಂದು ಅವಳ ಲೆಕ್ಕ. ದಿಬ್ಬದ ಕೆಳಗಿದ್ದವರು ಹಸಿರು ಎಂದರೆ ಹೋಗಬಹುದು ಎಂದುಕೊಂಡು ದನಗಳನ್ನು ಪಟ್ಟಿಗೆ ಹೊಡೆದರು. ತಾತ ಒಂದು ಬಾರಿಸಿದ. ಗಣಿಯಲ್ಲಿ ಒಂದು ಎಂದರೆ ನಿಲ್ಲು. ದನ ಹೊಡೆಯುತ್ತಿದ್ದವರಲ್ಲಿ ಇಬ್ಬರು ಲೈನಿನವರು. ಅವರು ಪಟ್ಟಿಯ ನಡುವೆ ನಿಂತೇಬಿಟ್ಟರು, ದನಗಳೂ ನಿಂತವು. ನಾವು ಡಬ್ಬ ಬಡಿದೆವು. ಇವರು ಹಕ್ಕಿ ಓಡಿಸುತ್ತಿದ್ದಾರೆ ಎಂದುಕೊಂಡು ಅಕ್ಕ ಬಾವುಟ ಸುತ್ತಿ ಒಳಗೆ ಹೋದಳು. ವಿಮಾನ ಮೂರು ಸುತ್ತು ಹಾಕಿ, ಇಳಿಯಲು ಜಾಗವಿಲ್ಲದೆ ಬೆಂಗಳೂರಿಗೆ ವಾಪಸು ಹೋಯಿತು. ಬರುವವರನ್ನು ಎದುರುಗೊಳ್ಳಲು ಹಾರ ಹಿಡಿದು ನಿಂತಿದ್ದ ಆಫೀಸಿನ ಸಾಹೇಬರು ಆ ಹಾರವನ್ನು ನೆಲಕ್ಕೆ ಎಸೆದು ಜೀಪು ಹತ್ತಿದರು. ಹಾರವನ್ನು ನನ್ನ ಹಸು ತಿಂದಿತು.

ಮಾರನೆಯ ದಿನ ಮುಳ್ಳುತಂತಿಯ ಸುರುಳಿಗಳು ಲಾರಿಯಲ್ಲಿ ಬಂದು ಶೆಡ್ಡಿನ ಪಕ್ಕ ಬಿದ್ದವು. ಸಾಹೇಬರು ಜೀಪಿನಲ್ಲೇ ನಿಂತು ಹೇಳಿದರು: ಶುಕ್ರವಾರ ಅದೇ ವಿಮಾನ ಮತ್ತೆ ಬರುತ್ತದೆ; ಅವತ್ತು ಪಟ್ಟಿಯ ಮೇಲೆ ಒಂದೇ ಒಂದು ದನ ಕಂಡರೂ ನಾಲ್ಕೂ ಕಡೆ ಬೇಲಿ; ಆಮೇಲೆ ಮೇಯಿಸುವುದೂ ಇಲ್ಲ, ಹುಲ್ಲು ಕೊಯ್ಯುವುದೂ ಇಲ್ಲ. ತಾತ ಅದನ್ನು ತಮಿಳಿನಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಹೇಳಿದ. ಮೂರು ಭಾಷೆಯಲ್ಲೂ ಅದು ಕೆಟ್ಟ ಸುದ್ದಿಯೇ.

ಮನೆಗೆ ಬಂದರೆ ಅತ್ತೆ ಹೊಸಿಲ ಮೇಲೆ ಕೂತಿದ್ದಳು.

"ಬೇಲಿ ಬಿದ್ದರೆ ಹಸ ಬಂಗಾರಪೇಟೆ ಸಂತೆಗೆ. ನಿನ್ನ ಮೊಕ ನೋಡ್ಕಂಡು ಹಾಲು ಕೊಡಾಕಿಲ್ಲ ಅದು."

ಅವಳು ಹೇಳಿದ್ದು ಸರಿಯೇ. ಹುಲ್ಲು ಕೊಂಡು ಹಾಕುವ ಮನೆ ನಮ್ಮದಲ್ಲ. ಆದರೆ ನನ್ನ ಹಸು ಸಂತೆಗೆ ಹೋಗುವುದು ನನಗೆ ಬೇಡವಾಗಿತ್ತು. ಬೇರೆ ಯಾರೂ ಏಳುವ ಹಾಗೆ ಕಾಣಲಿಲ್ಲ, ನಾನೇ ಎದ್ದೆ. ಗೇಟಿನ ಅಕ್ಕನನ್ನೂ ತಾತನನ್ನೂ ನಮ್ಮ ಹಳ್ಳಿಯ ಹುಣಸೆ ಮರದ ಕೆಳಗೆ ಕರೆದು ಕೂರಿಸಿದೆ. ಹಳ್ಳಿಯ ಹೆಂಗಸರು ಕರೆಯದೆಯೇ ಬಂದರು.

ಬೆಳಿಗ್ಗೆ ಕೂತವರು ಮಧ್ಯಾಹ್ನದ ತನಕ ಜಗಳವಾಡಿದೆವು. ಬಾವುಟವೇ ಮೇಲು, ದೂರಕ್ಕೆ ಕಾಣುತ್ತದೆ, ರೈಲಿನವರು ದಡ್ಡರಾ ಎಂದು ಅಕ್ಕ. ಅಷ್ಟು ವರ್ಷ ಕತ್ತಲೆಯಲ್ಲಿದ್ದು ಬಂದ ನನ್ನ ಕಣ್ಣಿಗೆ ಹಸಿರೂ ಕೆಂಪೂ ಒಂದೇ ಬೂದಿ ಎಂದು ತಾತ. ಡಬ್ಬವಾದರೆ ಮನೆ ಮನೆಯಲ್ಲೂ ಇದೆ ಎಂದು ನಮ್ಮವರು. ಕೊನೆಗೆ ಕಣ್ಣಿಗಿಂತ ಕಿವಿಯೇ ವಾಸಿ, ಮೂರೂ ಕಡೆ ಕಂಬಿಯ ತುಂಡು ಕಟ್ಟೋಣ ಎನ್ನುವಲ್ಲಿಗೆ ಬಂದು ನಿಂತೆವು. ಎಷ್ಟು ಹೊಡೆತಕ್ಕೆ ಏನು ಅರ್ಥ ಎನ್ನುವಾಗ ಮತ್ತೆ ಶುರುವಾಯಿತು. ಒಂದು ಹೊಡೆದರೆ ವಿಮಾನ ಬಂತು ಅಂತ ಇಟ್ಟುಕೊಳ್ಳಿ, ಸುಲಭ ಎಂದಳು ಅಕ್ಕ. ತಾತ ಎದ್ದು ನಿಂತ. ಗಣಿಯಲ್ಲಿ ಒಂದಕ್ಕೆ, ಎರಡಕ್ಕೆ, ಮೂರಕ್ಕೆ ಒಂದೊಂದು ಅರ್ಥವಿತ್ತು. ಜನರನ್ನು ಇಳಿಸುವ ತೊಟ್ಟಿಲು ನಿಲ್ಲುವುದು, ಇಳಿಯುವುದು, ಏರುವುದು ಎಲ್ಲ ಆ ಹೊಡೆತದ ಮೇಲೆಯೇ.

"ಇಪ್ಪತ್ತೆಂಟು ವರ್ಷ ಮಾ. ಒಂದು ಹೊಡೆದ್ರೆ ಕಾಲು ತಾನೇ ನಿಂತೋಗ್ತದೆ. ನಾನಾ ನಿಲ್ಸೋದು?"

"ಅಂಗಾದ್ರೆ ನಿಂಗೊಂದು ಲೆಕ್ಕ, ನಮಗೊಂದು ಲೆಕ್ಕಾನಾ?" ಎಂದಳು ಅಕ್ಕ.

ನನಗೆ ಹೊಟ್ಟೆ ಹಸಿದಿತ್ತು. ಹಸಿದರೆ ನನಗೆ ಬುದ್ಧಿ ಓಡುತ್ತದೆ.

"ಒಂದು, ಎರಡು, ಮೂರು ತಾತಂದೇ ಇರ್ಲಿ ಬುಡಿ. ಅವು ಗಣಿಯೋರವು. ನಾವು ನಾಲ್ಕರಿಂದ ಸುರು ಮಾಡಾನ."

ತಾತ ಬೆರಳು ಮಡಿಸಿ ನೋಡಿಕೊಂಡ. "ನಮ್ಮ ಶಾಫ್ಟಲ್ಲಿ ನಾಲ್ಕಕ್ಕೆ ಕೆಲ್ಸ ಇಲ್ಲ," ಎಂದ. "ಚುಮ್ಮಾ ಬಿದ್ದಿದೆ. ಎತ್ಕೋ ಮಾ."

ಅಲ್ಲಿಗೆ ಮುಗಿಯಿತು. ನಾಲ್ಕು ಹೊಡೆದರೆ ವಿಮಾನ ಬಂತು, ಪಟ್ಟಿಯ ಮೇಲಿರುವುದನ್ನೆಲ್ಲ ಹೊರಕ್ಕೆ ಹೊಡೆಯಿರಿ. ಐದು ಹೊಡೆದರೆ ಅದು ಮೇಲಿಂದ ಮೇಲೆ ಹೋಗುವ ವಿಮಾನ, ಇಲ್ಲಿ ಇಳಿಯುವುದಿಲ್ಲ. ಆರು ಹೊಡೆದರೆ ಬಂದದ್ದು ಹೋಯಿತು, ದನ ಬಿಡಬಹುದು. ಕೇಳಿಸಿಕೊಂಡವರು ಅಷ್ಟನ್ನೇ ಮರಳಿ ಹೊಡೆಯಬೇಕು, ಹೊಡೆಯದಿದ್ದರೆ ಕೇಳಿಸಲಿಲ್ಲ ಎಂದೇ ಅರ್ಥ. ಮರಳಿ ಹೊಡೆಯುವುದು ಅಕ್ಕನ ಮಾತು. ಸ್ಟೇಷನ್ನಿನವರು ಗಂಡನಿಗೆ ಏನು ಹೇಳಿದರೂ ಅವನು ಅದನ್ನು ತಿರುಗಿ ಒಪ್ಪಿಸಬೇಕಂತೆ. ಆರು ಹೊಡೆತ ಎಣಿಸುವ ಹೊತ್ತಿಗೆ ಹಸು ಇನ್ನೊಂದು ಕರು ಹಾಕುತ್ತದೆ ಎಂದು ಅತ್ತೆ ಹೇಳಿದಳು. ಹೇಳಿದರೂ ಬೆರಳಲ್ಲಿ ಎಣಿಸಿ ನೋಡಿಕೊಳ್ಳುತ್ತಿದ್ದಳು, ನಾನು ಕಂಡೆ.

ಇನ್ನು ಅಭ್ಯಾಸ ಮಾಡಬೇಕಲ್ಲ. ಅಭ್ಯಾಸಕ್ಕೆ ವಿಮಾನ ಬೇಕಲ್ಲ. ವಿಮಾನ ನಾನಾದೆ.

ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಎರಡೂ ಕೈ ಚಾಚಿ, ಗೇಟಿನ ದಿಬ್ಬದಿಂದ ಜುಯ್ಯೆಂದು ಸದ್ದು ಮಾಡುತ್ತ ಓಡಿ ಬಂದೆ. ಮದುವೆಯಾದ ಮೇಲೆ ನಾನು ಓಡಿದ್ದು ಅದೇ ಮೊದಲು. ಗಾಳಿ ಸೆರಗಿನೊಳಗೆ ನುಗ್ಗಿತು, ಮುಡಿ ಬಿಚ್ಚಿಹೋಯಿತು, ಮೂರೂ ಕಡೆ ಟಣ್ ಟಣ್ ಟಣ್ ಟಣ್. ಹೆಂಗಸರು ದನಗಳ ಹಿಂದೆ, ದನಗಳು ಹೆಂಗಸರ ಹಿಂದೆ. ಮೊದಲನೆಯ ಸಲ ಎಮ್ಮೆಯೊಂದು ನನಗೇ ಅಡ್ಡ ಬಂತು. ಎರಡನೆಯ ಸಲ ಐದು ಹೊಡೆದರು. ನಾನು ಇಳಿಯದೆ ಹಳ್ಳಿಯನ್ನೇ ಒಂದು ಸುತ್ತು ಹಾಕಿ, ಅಂಗಳದಲ್ಲಿ ಹಪ್ಪಳ ಒಣ ಹಾಕುತ್ತಿದ್ದವರ ಮೇಲಿಂದ ಹಾರಿ, ಮದ್ರಾಸಿನ ಕಡೆಗೆ ಹೋದೆ. ಮೂರನೆಯ ಸಲ ಇಳಿಜಾರಿನಲ್ಲಿ ಕಾಲು ನನ್ನ ಮಾತು ಕೇಳಲಿಲ್ಲ. ಪಟ್ಟಿ ದಾಟಿ, ಶೆಡ್ಡು ದಾಟಿ, ಹುಲ್ಲಿನ ಮೆದೆಗೆ ತಲೆ ಹೊಕ್ಕಿಸಿ ನಿಂತೆ. ತಾತ ನಕ್ಕು ನಕ್ಕು ಕೆಮ್ಮು ಹತ್ತಿ ಕೂತುಬಿಟ್ಟ. ಅತ್ತೆ ಬಂದು ನನ್ನ ಕಾಲು ಹಿಡಿದು ಹೊರಗೆ ಎಳೆದಳು.

"ಹಾರೋದು ಆಯ್ತು. ಇಳಿಯೋದು ಕಲ್ತ್ಕಳ್ಳೇ ಮೊದ್ಲು," ಎಂದಳು. ಅವಳ ಬಾಯಲ್ಲಿ ಹಲ್ಲು ಎಷ್ಟಿವೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಮೂರು ದಿನ ಹೀಗೇ ನಡೆಯಿತು. ಕೊನೆಯ ದಿನ ನಾಲ್ಕು ಕೇಳಿದರೆ ನನ್ನ ಹಸು ಯಾರೂ ಅಟ್ಟದೆಯೇ ಪಟ್ಟಿ ಬಿಟ್ಟು ನಡೆಯುತ್ತಿತ್ತು.

ಶುಕ್ರವಾರ ಬಂತು. ಬಿಸಿಲು ಏರಿದ ಹೊತ್ತಿಗೆ ಗೇಟಿನಿಂದ ನಾಲ್ಕು ಕೇಳಿತು. ತಾತ ನಾಲ್ಕು ಬಾರಿಸಿದ. ಹುಣಸೆ ಮರಕ್ಕೆ ಕಟ್ಟಿದ ಕಂಬಿಯ ಮುಂದೆ ನಾನಿದ್ದೆ, ನಾನೂ ನಾಲ್ಕು ಬಾರಿಸಿದೆ. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಪಟ್ಟಿಯ ಮೇಲೆ ಒಂದು ದನವಿಲ್ಲ, ಒಂದು ಆಡಿಲ್ಲ. ಸಾಹೇಬರು ಹೊಸ ಹಾರ ಹಿಡಿದು ಜೀಪಿನ ಪಕ್ಕ ನಿಂತಿದ್ದರು. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ನಮಗೆ ಗೊತ್ತಿಲ್ಲದ ಒಂದು ಸಂಗತಿ ನಡೆದುಹೋಗಿತ್ತು. ಮೂರು ದಿನದಿಂದ ಟಣ್ ಟಣ್ ಕೇಳಿ ಕೇಳಿ, ನಾಲ್ಕು ಹೊಡೆದರೆ ವಿಮಾನ ಎನ್ನುವುದು ಊರಿಗಾಮಿನ ಲೈನುಗಳಿಗೆಲ್ಲ ಗೊತ್ತಾಗಿತ್ತು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡಸರೆಲ್ಲ ಎದ್ದು, ಲುಂಗಿ ಬಿಗಿದು, ವಿಮಾನ ನೋಡಲು ಓಡಿ ಬಂದರು. ಅವರ ಹಿಂದೆ ಒಬ್ಬ ಕಡಲೆಕಾಯಿ ಬುಟ್ಟಿ ಹೊತ್ತು ಬಂದ. ಬಯಲಿನಲ್ಲಿ ಖಾಲಿಯಾಗಿ ಕಂಡ ಜಾಗ ಒಂದೇ, ನಾವು ಖಾಲಿ ಮಾಡಿಟ್ಟದ್ದು. ಅಲ್ಲಿಗೇ ನುಗ್ಗಿದರು.

ವಿಮಾನ ದಿಬ್ಬದ ಮೇಲೆ ಕಾಣಿಸಿತು, ತಗ್ಗಿತು. ತಾತ ಗಾಬರಿಯಾಗಿ ಕಲಿತದ್ದೆಲ್ಲ ಮರೆತು ಬಲವಾಗಿ ಒಂದು ಬಾರಿಸಿದ.

ಒಂದೇ ಹೊಡೆತಕ್ಕೆ ಗಣಿಯವರೆಲ್ಲ ಇದ್ದಲ್ಲೇ ಕಲ್ಲಾದರು. ಓಡುತ್ತಿದ್ದವನು ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತ. ಹಿಂದಿನವರು ಬಂದು ಅವರ ಬೆನ್ನಿಗೆ ಡಿಕ್ಕಿ ಹೊಡೆದರು. ವಿಮಾನ ಇಳಿಯುವ ಜಾಗದ ನಡುಮಧ್ಯೆ ಅಷ್ಟು ಜನ ಗಂಡಸರು, ಒಬ್ಬನೂ ಅಲುಗುವುದಿಲ್ಲ. ಸಾಹೇಬರು ಹಾರವನ್ನು ತಲೆಗೆ ಒತ್ತಿಕೊಂಡರು.

ನಾನು ಯೋಚನೆ ಮಾಡಲಿಲ್ಲ. ಕೈಯಲ್ಲಿ ಕಬ್ಬಿಣವಿತ್ತು, ನಾಲ್ಕು ಬಾರಿಸಿದೆ. ಮತ್ತೆ ನಾಲ್ಕು.

ನಾಲ್ಕು ಎಂದರೆ ನಮ್ಮ ಹೆಂಗಸರಿಗೆ ಒಂದೇ ಅರ್ಥ. ಪಟ್ಟಿಯ ಮೇಲಿರುವುದನ್ನು ಹೊರಕ್ಕೆ ಹೊಡೆಯಬೇಕು. ಎಲ್ಲರಿಗಿಂತ ಮುಂದೆ ಅತ್ತೆ ಕೋಲೆತ್ತಿ ಹೋದಳು. "ಐ, ಐ, ನಡೀ" ಎಂದು ಮೀಸೆಯವನೊಬ್ಬನ ಮೀನಖಂಡಕ್ಕೆ ಕೊಟ್ಟಳು. ಉಳಿದವರು ಎರಡೂ ಪಕ್ಕದಿಂದ ಸುತ್ತುಗಟ್ಟಿದರು. ಗಂಡಸರು ಮಂದೆಯ ಹಾಗೆ ತಲೆ ತಗ್ಗಿಸಿ ನಡೆದರು. ಗುಂಪಿನೊಳಗಿಂದ ಯಾರೋ ಅಂಬಾ ಎಂದ. ಅಷ್ಟೇ, ಹೊಡೆಯುವವರೂ ಹೊಡೆಸಿಕೊಳ್ಳುವವರೂ ನಗುತ್ತ ನಗುತ್ತ ಹುಲ್ಲಿನ ಮೇಲೆ ಬಿದ್ದರು. ವಿಮಾನ ಒಂದು ಸುತ್ತು ಹಾಕಿ ಬಂದು ಇಳಿಯಿತು.

ಇಳಿದ ದೊಡ್ಡವರು ಕೋಲು ಹಿಡಿದ ಹೆಂಗಸರನ್ನು ಕಂಡು, ತಮಗಾಗಿ ಕುಣಿದು ತೋರಿಸಿದರು ಎಂದುಕೊಂಡು ಚಪ್ಪಾಳೆ ತಟ್ಟಿದರು. ಸಾಹೇಬರು ಅದನ್ನು ತಿದ್ದಲು ಹೋಗಲಿಲ್ಲ.

ಅವರನ್ನು ಕಾರಿಗೆ ಹತ್ತಿಸಿ ಕಳಿಸಿದ ಮೇಲೆ ಸಾಹೇಬರು ನಮ್ಮ ಕಡೆ ಬಂದರು. ಮುಖ ಕೆಂಪಗಿತ್ತು, ಸಿಟ್ಟೋ ಬಿಸಿಲೋ ಗೊತ್ತಾಗಲಿಲ್ಲ. ನಾಲ್ಕು ಹೊಡೆದವರು ಯಾರು ಎಂದು ಕೇಳಿದರು. ಎಲ್ಲರೂ ನನ್ನನ್ನು ಮುಂದಕ್ಕೆ ದೂಡಿದರು. ಬಂದದ್ದು ಬರಲಿ ಎಂದು ನಾನೇ ಮಾತು ತೆಗೆದೆ.

"ದನ ಒಂದೂ ಇರ್ಲಿಲ್ಲ ಸಾಮಿ. ನೀವು ಯೋಳಿದ್ದು ದನದ ಮಾತು. ಜನದ ಮಾತು ಯೋಳ್ಲಿಲ್ಲ."

ಅವರು ಪಟ್ಟಿಯ ಕಡೆ ನೋಡಿದರು. ಬೇಲಿಯ ಸುರುಳಿಗಳ ಕಡೆ ನೋಡಿದರು. ಮೀನಖಂಡ ಉಜ್ಜಿಕೊಳ್ಳುತ್ತಿದ್ದ ಮೀಸೆಯವನನ್ನು ನೋಡಿದ ಮೇಲೆ ಅವರ ಬಿಗಿದ ತುಟಿ ಸಡಿಲಿ ನಗು ಬಂತು. ಬೇಲಿ ಹಾಕಿಯೇ ಹಾಕುತ್ತೇನೆ, ಆದರೆ ಲೈನಿನ ಕಡೆ ಮಾತ್ರ, ಎಂದರು. ದನಗಳಿಗೆ ಬುದ್ಧಿ ಇದೆ, ಅವು ಬರಲಿ ಹೋಗಲಿ. ಬೇಲಿ ಬೇಕಾಗಿರುವುದು ಇವರಿಗೆ. ಹುಲ್ಲು ಕೊಯ್ಯಬಹುದಾ ಎಂದು ನಾನು ಎರಡು ಸಲ ಕೇಳಿದೆ. ಎರಡು ಸಲವೂ ಹೂಂ ಎಂದರು.

ಸಂತೆಯ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ. ಸಂಜೆ ನಾನು ಹೇಳದೆಯೇ ಹಸುವಿಗೆ ಕಲಗಚ್ಚು ಇಟ್ಟಳು, ಅಷ್ಟೇ.

ಮರುದಿನ ಬೆಳಿಗ್ಗೆ ಹಾಲು ಕರೆದಿಟ್ಟು, ಕುಡುಗೋಲು ಹಿಡಿದು ಮೊದಲು ತಾತನ ಶೆಡ್ಡಿಗೆ ಹೋದೆ. ಜನ ನುಗ್ಗಿದರೆ ಇನ್ನು ಮೇಲೆ ಏಳು ಹೊಡಿ, ಒಂದನ್ನು ಮಾತ್ರ ಮುಟ್ಟಬೇಡ ಎಂದೆ. ತಾತ ನನ್ನೆದುರಿಗೇ ಏಳು ಹೊಡೆದು ನೋಡಿದ. ಸ್ವಲ್ಪ ತಡೆದು ಗೇಟಿನ ಕಡೆಯಿಂದ ಏಳು ಮರಳಿ ಬಂತು. ಅದೇನೆಂದು ಅಕ್ಕನಿಗೆ ಗೊತ್ತಿರಲಿಲ್ಲ, ಆದರೂ ಹೊಡೆದಿದ್ದಳು. ಅರ್ಥ ಹೇಳಿ ಬರಲು ದಿಬ್ಬ ಹತ್ತಿದೆ. ಬರುವಾಗ ಪಟ್ಟಿಯ ಪಕ್ಕದಲ್ಲಿ ಒಂದು ಹೊರೆ ಹುಲ್ಲು ಕೊಯ್ದುಕೊಂಡು ಬಂದೆ.