ಸೈತಾನನಿಗೆ ‘ಲೇ’ ಅನ್ನುತ್ತಿದ್ದ ದೊಡ್ಡಪ್ಪ

ಬಾವಿಯ ಹಗ್ಗ ಹರಿದು ಕೊಡ ನೀರಿಗೆ ಬಿದ್ದರೆ ಬೇರೆಯವರು ಹಗ್ಗವನ್ನು ಬೈಯುತ್ತಾರೆ, ಇಲ್ಲವೇ ಹಗ್ಗ ಹೊಸೆದವನನ್ನು. ನಮ್ಮ ದೊಡ್ಡಪ್ಪ ಚೌರಪ್ಪ ಮಾತ್ರ ತುಂಡು ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡು, ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ ಅತ್ತ ತಿರುಗಿ, “ಏನ್ಲಾ, ಬಂದ್ಯಾ? ಇವತ್ತು ನಂಗಿಂತ ಮೊದ್ಲೇ ಎದ್ದ್‌ಬುಟ್ಟಿದ್ದೀಯಲ್ಲೋ!” ಅನ್ನುತ್ತಿದ್ದ. ಅವನು ಮಾತಾಡಿಸುತ್ತಿದ್ದದ್ದು ಸೈತಾನನನ್ನು. ಪಕ್ಕದ ಹೊಲದವನ ಜೊತೆ ಬದುವಿನ ಜಗಳ ಇಟ್ಟುಕೊಂಡವರ ಧಾಟಿಯಲ್ಲಿ, ಹೆದರಿಕೆಯಿಲ್ಲದೆ, ಒಂದಿಷ್ಟು ಸಲಿಗೆಯಲ್ಲೇ.

ನಮ್ಮದು ಕಾನಕಾನಹಳ್ಳಿ ತಾಲ್ಲೂಕಿನಲ್ಲಿ (ಈಗ ಕನಕಪುರ ಅನ್ನುತ್ತಾರೆ) ಅರ್ಕಾವತಿ ದಂಡೆಯ ಕ್ರೈಸ್ತರ ಊರು. ರಾಗಿ, ಹುರುಳಿ, ಎತ್ತು, ಕುರಿ ಎಲ್ಲವೂ ಸುತ್ತಲಿನ ಊರುಗಳ ಹಾಗೇ. ಊರ ನಡುವೆ ಇಗರ್ಜಿ, ಗಂಡಸರ ಹೆಸರು ಚೌರಪ್ಪ, ಇನ್ನಾಸಪ್ಪ, ರಾಯಪ್ಪ, ಅಷ್ಟೇ ವ್ಯತ್ಯಾಸ. ಇನ್ನೊಂದು ವ್ಯತ್ಯಾಸವೂ ಇತ್ತು. ಅದರ ಬಗ್ಗೆ ನಮ್ಮವರಿಗೆ ಒಳಗೊಳಗೇ ಹೆಮ್ಮೆ. ಸುತ್ತಲಿನವರು ಬೆಕ್ಕು ಅಡ್ಡ ಬಂದರೆ, ಹೊರಡುವಾಗ ಎಡವಿದರೆ, ಮನೆಗೆ ತಿರುಗಿ ಬಂದು ನೀರು ಕುಡಿದು ಕೂತು ಆಮೇಲೆ ಹೊರಡುತ್ತಿದ್ದರು. ನಾವು ಶಕುನ ನೋಡುವವರಲ್ಲ. ಅಡ್ಡಿ ಬಂದಷ್ಟೂ ಮುಂದಕ್ಕೆ ಹೋಗುವವರು. ಈ ಮಾತನ್ನು ಊರಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವನು ದೊಡ್ಡಪ್ಪ.

ಕುಳ್ಳ ಆಳು, ಅಗಲ ಎದೆ, ಕತ್ತಿನಲ್ಲಿ ಕಪ್ಪು ದಾರದಲ್ಲಿ ಒಂದು ಸಣ್ಣ ಶಿಲುಬೆ. ಉಣ್ಣುವಾಗ ಮುದ್ದೆಯ ಮೊದಲ ತುತ್ತನ್ನು ಮುರಿದು ತಟ್ಟೆಯ ಅಂಚಿನಲ್ಲಿ ಇಟ್ಟು ಕೊನೆಗೆ ಅದನ್ನೇ ತಿನ್ನುತ್ತಿದ್ದ. ಯಾಕೆ ಅಂತ ಕೇಳಿದರೆ, “ಕೊನೇ ತುತ್ತಿಗೆ ನೆಂಟ್ರು ಬಂದ್ಬುಡ್ತಾರೆ. ಅವನು ಕಳಿಸ್ತಾನೆ. ಅದ್ಕೇ ನನ್ನ ಕೊನೇ ತುತ್ತು ಮುಂಗಡವಾಗೇ ತೆಗೆದಿಟ್ಟಿವ್ನಿ,” ಅನ್ನುತ್ತಿದ್ದ. ಮಾತು ಯಾವುದೇ ಇರಲಿ, ಆ ‘ಅವನು’ ಬಾರದೆ ಮುಗಿಯುತ್ತಿರಲಿಲ್ಲ.

“ದೊಡ್ಡ ಕೆಲ್ಸ ಮಾಡಾಕೆ ದೇವ್ರು ಅವಂಗೆ ಅಪ್ಪಣೆ ಕೊಟ್ಟಿಲ್ಲ ಕಣವ್ವ,” ಅಂತ ನನಗೆ ಎಷ್ಟೋ ಸಲ ಹೇಳಿದ್ದಾನೆ. “ಬೆಟ್ಟ ಉರುಳ್ಸಾಕಾಗಲ್ಲ, ಹೊಳೆ ಬತ್ಸಾಕಾಗಲ್ಲ. ಅದ್ಕೇ ಹಾಲು ಒಡೆಯೋದು, ನೊಗದ ಮಿಣಿ ಹರಿಯೋದು, ಇಂಥ ಚಿಲ್ಲರೆ ಕೆಲ್ಸ. ಚಿಲ್ಲರೆ ಅಂತ ಸುಮ್ಕಿರಬ್ಯಾಡ. ದೊಡ್ಡ ಕಷ್ಟ ಬಂದ್ರೆ ಮನ್ಸ ಮೊಣಕಾಲೂರ್ತಾನೆ. ಸಣ್ಣ ತೊಂದ್ರೆ ಬಂದ್ರೆ ‘ನಾಳೆ ನೋಡಾನ’ ಅಂತ ಮನೇಗ್ ಹೋಯ್ತಾನೆ. ಅಲ್ಲೇ ಅವನು ಗೆಲ್ಲೋದು.”

ದೊಡ್ಡವ್ವನಿಗೆ ಈ ಉಪದೇಶ ಕೇಳಿ ಕೇಳಿ ಸಾಕಾಗಿತ್ತು. “ಹೊಗೆಸೊಪ್ಪು ಹೊಲದಲ್ಲಿ ಮರೆತು ಬಂದಿದ್ದು ನೀವು, ಬೈಸ್ಕೊಳ್ಳೋದು ಅವನು. ಪಾಪ, ಅವಂಗೂ ನಮ್ಮನೆ ಚಾಕರಿ ಜಾಸ್ತಿಯಾಯ್ತು,” ಅನ್ನುತ್ತಿದ್ದಳು. ಇಗರ್ಜಿಯ ಫ್ರೆಂಚ್ ಸ್ವಾಮಿಗಳು ಕೂಡ ಒಮ್ಮೆ ನಗುತ್ತಾ, “ಚೌರಪ್ಪ, ನೀನು ದೇವರ ಸಂಗಡ ಮಾತಾಡುವುದಕ್ಕಿಂತ ಅವನ ಸಂಗಡ ಮಾತಾಡುವುದೇ ಹೆಚ್ಚು,” ಅಂದರಂತೆ. ದೊಡ್ಡಪ್ಪ ತಲೆ ಕೆರೆದುಕೊಂಡು, “ಏನ್ ಮಾಡ್ಲಿ ಸಾಮಿ, ದೇವ್ರು ಜಗಳಕ್ಕೆ ಬರಾಕಿಲ್ವಲ್ಲ,” ಅಂದನಂತೆ.

ನನ್ನ ತಂದೆ ರಾಯಪ್ಪ ಅವನ ತಮ್ಮ. ಒಂದೇ ಅಂಗಳ, ಎದುರುಬದುರು ಎರಡು ಮನೆ. ಎತ್ತಿನ ಜೋಡಿಯಲ್ಲಿ ದೊಡ್ಡಪ್ಪನದು ಒಂದು, ನಮ್ಮದು ಒಂದು. ಉಳುಮೆ ಒಟ್ಟಿಗೇ. ನಮ್ಮ ಎತ್ತಿಗೆ ಕೆಂದ ಅಂತ ಹೆಸರು. ಅಪ್ಪ ಮಾತು ಕಡಿಮೆಯ ಮನುಷ್ಯ, ಆದರೆ ಕೆಂದನ ಕಿವಿಯಲ್ಲಿ ಮಾತ್ರ ಏನೇನೋ ಹೇಳುತ್ತಿದ್ದ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚೆ ನಮ್ಮ ಇಗರ್ಜಿಗೆ ಹೊಸ ಗಂಟೆ ಬಂತು. ಸ್ವಾಮಿಗಳ ಊರಿನಿಂದ ಹಡಗಿನಲ್ಲಿ ಬಂದು, ಅಲ್ಲಿಂದ ರೈಲಿನಲ್ಲಿ ಕ್ಲೋಸ್‌ಪೇಟೆಗೆ ಬಂದು ಇಳಿದಿತ್ತು. ಇವತ್ತಿನ ರಾಮನಗರಕ್ಕೆ ಆಗ ಅದೇ ಹೆಸರು. ಅಲ್ಲಿಂದ ನಮ್ಮೂರಿಗೆ ಗಾಡಿಯಲ್ಲಿ ಎರಡು ದಿನದ ದಾರಿ. ಸಂತ ಅಂತೋಣಿಯವರ ಹಬ್ಬದ ಬೆಳಗಿನ ಪೂಜೆಗೆ ಆ ಗಂಟೆ ಬಾರಿಸಬೇಕು ಅಂತ ಊರಿಗೆಲ್ಲ ಆಸೆ. ತರುವ ಹೊಣೆ ಅಣ್ಣತಮ್ಮಂದಿರದು.

ದಾರಿಯಲ್ಲಿ ನಡೆದದ್ದನ್ನು ಇಬ್ಬರ ಬಾಯಲ್ಲೂ ಕೇಳಿದ್ದೇನೆ. ಅಚ್ಚಲು ಅನ್ನುವ ಊರು ದಾಟುವ ಮೊದಲೇ ಚಕ್ರ ಕಳಚದ ಹಾಗೆ ಹಿಡಿದಿರುವ ಕಡಾಣಿ ಮುರಿಯಿತು. ದೊಡ್ಡಪ್ಪ ಹುರುಪಾಗಿ, “ಏನ್ಲಾ, ಗಂಟೆ ಅಂದ್ರೆ ಅಷ್ಟು ಭಯವೇನ್ಲಾ ನಿಂಗೆ?” ಅಂದು ಮರದ ಗೂಟ ಕೆತ್ತಿ ಹೊಡೆದ. ಮುಂದೆ ಗಂಟೆಗೆ ಬಿಗಿದಿದ್ದ ಹಗ್ಗ ಸಡಿಲಿ ಗಾಡಿ ವಾಲಿತು. ಅದನ್ನೂ ಬಿಗಿದ. ಕಾನಕಾನಹಳ್ಳಿ ಬಿಟ್ಟ ಮೇಲೆ ಕೆಂದ ಕುಂಟಲು ಶುರುಮಾಡಿತು. ಅಪ್ಪ ಇಳಿದು ನೋಡಿದ. ಗೊರಸಿನ ಸಂದಿನಲ್ಲಿ ಕಲ್ಲು ಹೊಕ್ಕು ಕಾಲು ಊದಿಕೊಂಡಿತ್ತು.

“ಅಣ್ಣಯ್ಯ, ಇಲ್ಲೇ ಗಾಡಿ ಬುಡಾನ. ಒಂದಿನ ಬಿಸಿನೀರ ಕಾವು ಕೊಟ್ರೆ ಸರಿಹೋಯ್ತದೆ.”

“ನಾಳೆ ಹಬ್ಬ ಕಣ್ಲಾ.”

“ಹಬ್ಬ ಬರೋ ವರ್ಷನೂ ಬತ್ತದೆ. ಎತ್ತಿಗೆ ನೋಯ್ತಾ ಐತೆ.”

ಆಗ ದೊಡ್ಡಪ್ಪ ಆ ಮಾತು ಆಡಿದ್ದು. “ಇದು ನಿನ್ನ ಮಾತಲ್ಲ ರಾಯ. ನಿನ್ನ ಬಾಯಲ್ಲಿ ಅವನು ಮಾತಾಡ್ತಾವ್ನೆ.”

ಅಪ್ಪ ಆಮೇಲೆ ಊರು ಮುಟ್ಟುವ ತನಕ ಗಾಡಿ ಹತ್ತಲಿಲ್ಲ. ಕೆಂದನ ಪಕ್ಕದಲ್ಲಿ ನೊಗಕ್ಕೆ ತಾನೂ ಹೆಗಲು ಕೊಟ್ಟುಕೊಂಡು ನಡೆದೇ ಬಂದ.

ಹಬ್ಬದ ಬೆಳಿಗ್ಗೆ ಗಂಟೆ ಮೊಳಗಿತು. ಹೊಳೆಯಾಚೆಯ ಊರಿಗೂ ಕೇಳಿಸಿತಂತೆ. ಜನ ದೊಡ್ಡಪ್ಪನಿಗೆ ಹೂವಿನ ಹಾರ ಹಾಕಿದರು. ಅಪ್ಪ ಕೊಟ್ಟಿಗೆಯಲ್ಲಿದ್ದ. ಕೆಂದ ಮಲಗಿದ್ದು ಏಳಲಿಲ್ಲ. ವಾರದೊಳಗೆ ಸತ್ತುಹೋಯಿತು.

ದೊಡ್ಡಪ್ಪ ಅಂಗಳದ ಮಧ್ಯ ನಿಂತು, “ದೇವರ ಕೆಲಸಕ್ಕೆ ಹೋದ ಎತ್ತು. ಪುಣ್ಯ ಮಾಡಿತ್ತು,” ಅಂದ. ಅಪ್ಪ ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಅವ್ವ ಸಮಾಧಾನಕ್ಕೆ, “ಹೋಗ್ಲಿ ಬುಡಿ, ಎತ್ತು ಇನ್ನೊಂದು ತರಬೋದು,” ಅಂದಾಗ ಅಪ್ಪ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: “ಎತ್ತು ಸತ್ತಿದ್ದಕ್ಕಲ್ಲ ಕಣೆ. ನಾನು ಆಡಿದ ಮಾತನ್ನ ನಂದಲ್ಲ ಅಂದ್ಬುಟ್ನಲ್ಲ. ಇನ್ನ ಅವನ ತಾವು ನಾನು ಏನಂತ ಮಾತಾಡ್ಲಿ?”

ಮಾತು ನಿಂತಿತು. ಜಗಳವಿಲ್ಲ, ಬೈಗುಳವಿಲ್ಲ. ಸಾರು ಹೆಚ್ಚಾದರೆ ಅವ್ವ ಒಂದು ಬಟ್ಟಲು ಆಚೆ ಕಳಿಸುತ್ತಿದ್ದಳು, ದೊಡ್ಡವ್ವ ಬಟ್ಟಲಲ್ಲಿ ಹುರುಳಿ ತುಂಬಿಸಿ ವಾಪಸ್ಸು ಕಳಿಸುತ್ತಿದ್ದಳು. ಗಂಡಸರು ಮಾತ್ರ ಒಬ್ಬರು ಅಂಗಳಕ್ಕೆ ಬಂದರೆ ಇನ್ನೊಬ್ಬರು ಒಳಗೆ. ಸತ್ತವರ ಹಬ್ಬದ ದಿನ ತಾತ ಅಜ್ಜಿಯ ಸಮಾಧಿಗೆ ಸುಣ್ಣ ಬಳಿದು ಮೇಣದಬತ್ತಿ ಹಚ್ಚುವುದು ಅಣ್ಣತಮ್ಮಂದಿರ ಕೆಲಸ. ದೊಡ್ಡಪ್ಪ ಬೆಳಿಗ್ಗೆ ಹೋಗಿ ಒಂದು ಮಗ್ಗುಲು ಬಳಿದು ಬರುತ್ತಿದ್ದ, ಅಪ್ಪ ಸಂಜೆ ಹೋಗಿ ಇನ್ನೊಂದು ಮಗ್ಗುಲು. ನಡುವೆ ಸುಣ್ಣ ಕೂಡಿದ ಕಡೆ ಗೆರೆ ಕಾಣುತ್ತಿತ್ತು.

ಹೀಗಿರುವಾಗ ದೊಡ್ಡಪ್ಪನ ಹಸು ಒಂದು ಗಂಡುಕರು ಹಾಕಿತು. ಕೆಂದನದೇ ಬಣ್ಣ. ದೊಡ್ಡಪ್ಪ ಅದನ್ನು ಸಾಕಿದ ರೀತಿ ನೋಡಬೇಕಿತ್ತು. ಹೊಳೆಗೆ ಕರೆದುಕೊಂಡು ಹೋಗಿ ಮೈ ಉಜ್ಜುವುದು, ಹಿಂಡಿ ತಿನ್ನಿಸುವುದು. ಬೆಳೆದ ಮೇಲೂ ತನ್ನ ನೇಗಿಲಿಗೆ ಹೂಡಲಿಲ್ಲ. ಕೇಳಿದವರಿಗೆ, “ಅದು ಒಬ್ರಿಗೆ ಕೊಡಬೇಕಾದ್ದು,” ಅನ್ನುತ್ತಿದ್ದ. ದೊಡ್ಡವ್ವ ಅವ್ವನ ಕಿವಿಯಲ್ಲಿ, “ನಿಮ್ಮನೇದೇ ಕಣೆ ಅದು. ಈ ಗಂಡ್ಸು ಬಾಯಿ ಬುಡಬೇಕಲ್ಲ!” ಅಂದಳು. ಅವ್ವ ಅಪ್ಪನಿಗೆ ಹೇಳಿರಬೇಕು. ಯಾಕೆಂದರೆ ಅಪ್ಪ ಕೆಂದನ ಗೂಟದ ಸುತ್ತ ದಿನವೂ ಗುಡಿಸತೊಡಗಿದ. ಗೂಟ ಖಾಲಿ, ನೆಲ ಚೊಕ್ಕಟ.

ಯುದ್ಧ ಮುಗಿಯಲು ಬಂದ ವರ್ಷ. ಸತ್ತವರ ಹಬ್ಬದ ಹಿಂದಿನ ದಿನ ದೊಡ್ಡಪ್ಪ ಒಗೆದ ಪಂಚೆ ಉಟ್ಟು, ಹೋರಿಯ ಮೈ ತೊಳೆದು, ಕೊರಳಿಗೆ ಚೆಂಡುಹೂವು ಕಟ್ಟಿ, ಹಗ್ಗ ಹಿಡಿದು ತನ್ನ ಕೊಟ್ಟಿಗೆಯಿಂದ ಹೊರಗೆ ಬಂದ. ನಾನು ಅಂಗಳದಲ್ಲಿ ರಾಗಿ ಕೇರುತ್ತಿದ್ದೆ. ಅಪ್ಪ ನಮ್ಮ ಜಗಲಿಯ ಮೇಲೆ ಹಗ್ಗ ಹೊಸೆಯುವ ನೆಪದಲ್ಲಿ ಕೂತಿದ್ದ. ತಲೆ ಎತ್ತಲಿಲ್ಲ, ಆದರೆ ಕೈ ನಿಂತಿತ್ತು. ದೊಡ್ಡವ್ವ ಬಾಗಿಲಲ್ಲಿ, ಅವ್ವ ಒಲೆ ಬಿಟ್ಟು ಹೊಸ್ತಿಲಲ್ಲಿ. ದೊಡ್ಡಪ್ಪ ಅಂಗಳದ ಅರ್ಧಕ್ಕೆ ಬಂದಿದ್ದ, ಆಗ ಸಂಜೆಯ ಗಂಟೆ ಹೊಡೆಯಿತು. ಅವನೇ ತಂದ ಗಂಟೆ. ಹೋರಿ ಬೆಚ್ಚಿ ಜಗ್ಗಿತು, ಹಗ್ಗ ಹರಿಯಿತು, ಹೂವಿನ ಸಮೇತ ಹೊಲದ ಕಡೆ ಓಡಿತು. ದೊಡ್ಡಪ್ಪ ಹಿಂದೆಯೇ ಓಡಿದ.

ಹಿಡಿದು ತರುವಾಗ ಹೊತ್ತು ಮುಳುಗುತ್ತಿತ್ತು. ಕೊರಳಿಗೆ ತನ್ನ ಟವಲನ್ನೇ ಕಟ್ಟಿದ್ದ. ಪಂಚೆಯೆಲ್ಲ ಕೆಸರು, ಮೊಣಕೈ ತರಚಿತ್ತು. ಅಪ್ಪ ಇನ್ನೂ ಜಗಲಿಯ ಮೇಲೇ ಇದ್ದ. ದೊಡ್ಡಪ್ಪ ಒಂದು ಸಲ ಆಚೆ ನೋಡಿದ, ಒಂದು ಸಲ ತನ್ನ ಪಂಚೆ ನೋಡಿಕೊಂಡ. “ಈ ಅವತಾರದಲ್ಲಿ ಎಂಗೆ ಹೋಗದು?” ಅಂತ ದೊಡ್ಡವ್ವನಿಗೆ ಹೇಳಿದ. “ನಾಳೆ ಸಮಾಧಿ ತಾವು ಹೋಗೋ ಮುಂಚೆ ಹೋದ್ರಾಯ್ತು ಬುಡು.” ಹೋರಿಯನ್ನು ತಿರುಗಿಸಿಕೊಂಡು ಹೋದ. ಅಪ್ಪ ಹಗ್ಗ ಸುತ್ತಿಟ್ಟು ಎದ್ದು ಒಳಗೆ ಬಂದ.

ಬೆಳಗಾಗುವಷ್ಟರಲ್ಲಿ ಅಪ್ಪನಿಗೆ ಜ್ವರ. ಆ ವರ್ಷ ಊರೂರನ್ನೇ ಬಡಿದ ಜ್ವರ ಅದು. ಮಧ್ಯಾಹ್ನಕ್ಕೆ ಯಾರನ್ನೂ ಗುರುತಿಸುತ್ತಿರಲಿಲ್ಲ. ದೊಡ್ಡಪ್ಪ ಬಂದು ಚಾಪೆಯ ಪಕ್ಕ ಕೂತು, “ರಾಯ, ನಾನು ಕಣ್ಲಾ. ಹೋರಿ ತಂದಿವ್ನಿ ಕಣ್ಲಾ,” ಅಂತ ಎಷ್ಟು ಹೊತ್ತು ಹೇಳಿದನೋ. ಅಪ್ಪ ಅವನ ಮಾತಿಗೆ ಕಣ್ಣು ಬಿಡಲಿಲ್ಲ. ಹಬ್ಬ ಕಳೆದು ಎರಡನೆಯ ದಿನ ಅದೇ ಗಂಟೆ ಅಪ್ಪನಿಗಾಗಿ ಹೊಡೆಯಿತು. ಮಣ್ಣು ಮಾಡಿ ಬಂದ ಮೇಲೆ ದೊಡ್ಡಪ್ಪ ಹೋರಿಯನ್ನು ತಾನೇ ತಂದು ಕೆಂದನ ಗೂಟಕ್ಕೆ ಕಟ್ಟಿ ಹೋದ.

ಆಮೇಲೆ ಅವನು ಸೈತಾನನ ಜೊತೆ ಮಾತಾಡಿದ್ದನ್ನು ಯಾರೂ ಕೇಳಲಿಲ್ಲ. ಹಗ್ಗ ಹರಿದರೆ ಸುಮ್ಮನೆ ಗಂಟು ಹಾಕುತ್ತಿದ್ದ. ಹಾಲು ಒಡೆದರೆ, “ಒಡೀತು,” ಅನ್ನುತ್ತಿದ್ದ. ದೊಡ್ಡವ್ವನಿಗೇ ತಡೆಯಲಾಗದೆ, “ಒಸಿ ಬೈಯ್ರೀ ಅವನ್ನ. ಮನೆ ಬಿಕೋ ಅಂತೈತೆ,” ಅಂದದ್ದನ್ನು ಕೇಳಿದ್ದೇನೆ. ಸತ್ತವರ ಹಬ್ಬಕ್ಕೆ ಮೊದಲು ಅಪ್ಪನ ಸಮಾಧಿಗೆ ಸುಣ್ಣ ಬಳಿದು, ಆಮೇಲೆ ತಾತ ಅಜ್ಜಿಯದಕ್ಕೆ ಎರಡು ಮಗ್ಗುಲೂ ತಾನೇ ಬಳಿಯುತ್ತಿದ್ದ.

ನಾನು ಮದುವೆಯಾಗಿ ಚನ್ನಪಟ್ಟಣ ಸೇರಿದೆ. ಮೂರು ಮಕ್ಕಳಾದ ಮೇಲೆ ಒಂದು ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಆಗ ಕನಕಪುರದಿಂದ ಬಸ್ಸು ಓಡಾಡುತ್ತಿತ್ತು. ಹೊರಡುವ ದಿನ ದೊಡ್ಡಪ್ಪನ ಜಗಲಿಯ ಮೇಲೆ ಕೂತಿದ್ದೆ. ಅವನಿಗೆ ಕಣ್ಣು ಮಂಜಾಗಿತ್ತು, ಆದರೂ, “ಯಾಕವ್ವ ಮಂಕಾಗಿದ್ದೀಯ?” ಅಂದ. ಹೇಳಿದೆ. ನನ್ನ ಓರಗಿತ್ತಿ ಫಿಲೋಮಿನಾಳ ಮಗುವಿನ ಜ್ಞಾನಸ್ನಾನದ ಊಟದಲ್ಲಿ ಸಾರಿನ ಉಪ್ಪಿನ ವಿಷಯಕ್ಕೆ ಮಾತು ಬೆಳೆದು, ಒಂದೇ ಬೀದಿಯಲ್ಲಿದ್ದೂ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಹೋದ ತಕ್ಷಣ ಮಾತಾಡಿಸಬೇಕು ಅಂದುಕೊಂಡಿದ್ದೇನೆ ಅಂದೆ. ಅಷ್ಟರಲ್ಲಿ ಮಳೆ ಹಿಡಿಯಿತು. “ಇನ್ನೇನು ದೊಡ್ಡಪ್ಪ, ಇವತ್ತು ಇಲ್ಲೇ ಇದ್ದು ನಾಳೆ ಹೋಗ್ತೀನಿ,” ಅಂದೆ.

ಅವನು ನನ್ನ ಹತ್ತಿರಕ್ಕೆ ಸರಿದು ಕೂತ.

“ಅವತ್ತು ಹೋರಿ ಹಗ್ಗ ಹರ್ಕೊಂಡು ಓಡ್ತಲ್ಲ, ನೆಪ್ಪೈತಾ?”

“ಐತೆ ದೊಡ್ಡಪ್ಪ.”

“ಕಡಾಣಿ ಮುರಿದಾಗ ಅವನು ಅಂದೆ. ಎತ್ತು ಕುಂಟ್ದಾಗ ಅವನು ಅಂದೆ. ನನ್ನ ತಮ್ಮನ ಬಾಯಲ್ಲಿ ಅವನೇ ಅಂದ್ಬುಟ್ಟೆ. ಅವತ್ತು ಒಂದಿನ, ಇಷ್ಟಗಲ ಅಂಗಳ ದಾಟೋವಾಗ, ಅವನ ನೆಪ್ಪೇ ಬರ್ನಿಲ್ಲ ಕಣವ್ವ. ಪಂಚೆ ಕೆಸರಾಗೈತೆ ಅಂದ್ಕೊಂಡೆ. ನಾವು ಕೆಸರಲ್ಲೇ ಆಡಿ ಬೆಳೆದೋರು.” ಮೂಗು ಒರೆಸಿಕೊಂಡ. “ಅವನು ದಾರೀಲಿ ಅಡ್ಡ ನಿಲ್ಲಾಕಿಲ್ಲ. ಪಕ್ಕದಲ್ಲಿ ನಿಂತ್ಕೊಂಡು, ನಮ್ಮೋನ ಥರಾನೇ, ‘ನಾಳೆ ಹೋಗಪ್ಪ’ ಅಂತಾನೆ.”

ಎದ್ದು ಒಳಗೆ ಹೋಗಿ ತನ್ನ ಕಂಬಳಿ ತಂದು, ಕೊಪ್ಪೆ ಮಾಡಿ ನನ್ನ ತಲೆಯ ಮೇಲೆ ಹಾಕಿದ. “ನೆಂದ್ರೂ ಸರಿ, ಇವತ್ತೇ ಹೋಗು.”

ಹೋದೆ. ದೀಪ ಹಚ್ಚುವ ಹೊತ್ತಿಗೆ ಚನ್ನಪಟ್ಟಣ ಮುಟ್ಟಿ, ಮನೆಗೂ ಹೋಗದೆ ನೇರ ಫಿಲೋಮಿನಾಳ ಬಾಗಿಲು ತಟ್ಟಿದೆ. ಅವಳು ತೆಗೆದು ನೋಡಿ, “ಇದೇನಕ್ಕಾ, ಕುರಿ ಕಾಯೋಕೆ ಹೋಗಿದ್ರಾ?” ಅಂದಳು. ಇಬ್ಬರಿಗೂ ನಗು ಬಂತು, ಆಮೇಲೆ ಅಳುವೂ ಬಂತು. ಅಂದು ರಾತ್ರಿ ಅವಳ ಮನೆಯಲ್ಲೇ ಉಂಡೆ. ಉಪ್ಪು ಸರಿಯಾಗಿತ್ತು.

ದೊಡ್ಡಪ್ಪನಿಗೆ ಇದ್ದದ್ದು ಅದೊಂದೇ ಕಂಬಳಿ. ಬೇಗ ಕಳಿಸಬೇಕು, ಜೊತೆಗೆ ನಡೆದದ್ದನ್ನೂ ಹೇಳಿ ಕಳಿಸಬೇಕು ಅಂದುಕೊಂಡೆ. ಆ ಕಡೆ ಹೋಗುವವರು ಇಲ್ಲದೇ ಇರಲಿಲ್ಲ. ಒಂದು ಸಲ ಒಗೆದದ್ದು ಒಣಗಿರಲಿಲ್ಲ. ಒಂದು ಸಲ ಹೊರಟವರು ಹೇಳಿದ್ದಕ್ಕಿಂತ ಮುಂಚೆಯೇ ಹೊರಟುಬಿಟ್ಟಿದ್ದರು. ಇನ್ನೊಂದು ಸಲ, ಕಂಬಳಿಯ ಜೊತೆ ನಾಲ್ಕು ರವೆಉಂಡೆ ಮಾಡಿ ಕಳಿಸೋಣ, ನಾಳೆ ರವೆ ತಂದರಾಯಿತು ಅಂದುಕೊಂಡೆ.

ದೊಡ್ಡಪ್ಪ ತೀರಿಹೋದ ಸುದ್ದಿ ಬಂದ ದಿನವೂ ಕಂಬಳಿ ನನ್ನ ಮನೆಯ ಗಳದ ಮೇಲೇ ಇತ್ತು. ಮಡಿಸಿಯೂ ಆಗಿತ್ತು.